ನಾಕು ಲೀಟ್ರು

…ಇನ್ನೊಂದು ಚೀಲ ಕಣ್ ಕೂಸೇ, ಒಂದೇ ಒಂದು! ಕಾಲ್ತಾವ ಸಂದಿ ಅದಲ್ಲ, ಅಲ್ಲಿ ಕುಂತ್ಕತದೆ ಅದು. ನಿನ್ನ ಪಾಡಿಗೆ ನೀನು, ಅದರ ಪಾಡಿಗೆ ಅದು. ಯಾಕೆ ನಗ್ತೀಯ? ನಗೋ ಅಂತದ್ದು ಏನ್ ಯೋಳ್ಬುಟ್ಟೆ ನಾನು? ನೀರು ಕಣವ್ವ ನಾ ಯೋಳ್ತಿರೋದು, ನೀರು! ಸೀರೆ ತುಂಬ್ಕೊ, ಒಡವೆ ತುಂಬ್ಕೊ ಅಂದ್ನಾ?… ಗೊತ್ತು, ಗೊತ್ತು. ನೆನ್ನೆನೇ ತೂಕ ಆಕಿ ಮುಗ್ಸಿದೀರ ನೀನೂ, ನಿನ್ನ ಜೊತೆ ಹುಟ್ಟಾಕೋ ಆ ಮದನೂ. ಒಂದು ದೋಣಿಗೆ ಎಂಟು ಚೀಲ, ಒಂದು ಚೀಲಕ್ಕೆ ನಾಕು ಲೀಟ್ರು, ದಿನಕ್ಕೊಂದು ಚೀಲ, ಸಮುದ್ರದ ಮ್ಯಾಲೆ ಎಂಟು ದಿನ. ನಂದೇ ಲೆಕ್ಕ ಅಲ್ವಾ ಅದು, ನಂಗೊತ್ತಿಲ್ವಾ? ಆದ್ರೂ ಒಂದು ಜಾಸ್ತಿ ಇದ್ರೆ ಏನೀಗ? ಎಲ್ಡಿದ್ರೆ ಇನ್ನೂ ವಾಸಿ.

ಕುಂತ್ಕೊ ವಸಿ. ಮದನ್ ಜೀಪು ತರೋದು ಅನ್ನೊಂದಕ್ಕೆ, ಈಗಿನ್ನೂ ಒಂಬತ್ತೂವರೆ. ಆ ಕೊಪ್ಪರಿಗೆ ಮ್ಯಾಲೆ ಕುಂತ್ಕಬ್ಯಾಡ, ಉಳ್ಳಾಡ್ತದೆ, ಇಗೋ ಈ ಮಣೆ ತಕೊ. ಮೂವತ್ತೈದು ವರ್ಸದಿಂದ ಈ ಶೆಡ್ಡಲ್ಲಿ ಪಾತ್ರೆ ಇಟ್ಕೊಂಡು ಕುಂತಿವ್ನಿ ನಾನು. ಈ ಹೆಮ್ಮಿಗೆಯಿಂದ ತಲಕಾಡಿನಗಂಟ ನಮ್ಮೋರ ಮದ್ವೆ ಆದ್ರೂ ಸರಿ, ತಿಥಿ ಆದ್ರೂ ಸರಿ, ‘ಮಂಟೇಸ್ವಾಮಿನ ಕರ್ಸಿ’ ಅಂತಾರೆ. ಐನೂರು ಎಲೆ ಅಂದ್ರೂ ಎದ್ರಿಲ್ಲ, ಸಾವ್ರ ಅಂದ್ರೂ ಎದ್ರಿಲ್ಲ. ಇವತ್ತು ಎಲ್ಡೇ ಎಲೆ, ನಿಂದೊಂದು, ಆ ಮದನ್‌ದೊಂದು. ಆದ್ರೂ ಬೆಳಗಿಂದ ಮೂರು ಸಲ ಬಿಚ್ಚಿ ಕಟ್ಟಿದೀನಿ ಈ ಗಂಟ.

ಬಾ, ಇನ್ನೊಂದು ಸಲ ನೋಡ್ಬುಡಣ. ಇದು ಬೆಳಗಿಂದು, ಉರಿಟ್ಟು. ರಾಗಿ ಅರಳ್ಸಿ, ಬೀಸಿ, ಬೆಲ್ಲದ ಪುಡಿ ಬೆರ್ಸಿದೀನಿ, ನಾನೇ ಕುಂತು ಜರಡಿ ಇಡುದ್ದು, ಒಂದು ಕಲ್ಲಿಲ್ಲ. ಇದು ಮಧ್ಯಾನ್ನಕ್ಕೆ ಅವಲಕ್ಕಿ, ಜೊತೇಗೆ ಚಟ್ನಿಪುಡಿ, ಉಪ್ಪು ಕಮ್ಮಿ ಆಕಿದೀನಿ, ಉಪ್ಪು ತಿಂದ್ರೆ ಬಾಯಾರ್ತದಲ್ಲ ಅದ್ಕೆ. ಇದು ಕಡ್ಲೆಬೀಜ, ಕೊಬ್ಬರಿ, ಎಳ್ಳುಂಡೆ, ದೋಣಿ ಬುಡ್ತಾ ಬುಡ್ತಾನೇ ಬಾಯ್ಗಾಕ್ಕೊಬೋದು. ಸಂದೆಗೆ ಮತ್ತೆ ಉರಿಟ್ಟು. ನೀನು ನಂಜನಗೂಡಿಂದ ಬರ್ತಾ ರಸಬಾಳೆ ತಂದಿದೀಯಲ್ಲ, ಅದ ಮಾತ್ರ ಮೊದಲ್ನೇ ದಿನವೇ ತಿಂದ್ಬುಡಿ, ಎಲ್ಡನೇ ದಿನಕ್ಕೆ ಕರ್ರಗಾಯ್ತದೆ. ಮದನ್ ಬೆಂಗ್ಳೂರಿಂದ ತರುಸ್ತೀನಿ ಅಂದಿದ್ನಲ್ಲ ಪಾಕೀಟು, ಬಿಸ್ನೀರು ಉಯ್ದ್ರೆ ಪಲಾವು ಆಯ್ತದೆ ಅಂತ… ಥೂ! ಅದೂ ಒಂದು ಊಟವಾ? ನೀನು ಬ್ಯಾಡ ಅಂದೆ. ‘ನಮ್ಮ ಮಾವ ಮಾಡ್ಕೊಡ್ತಾರೆ’ ಅಂದೆ. ಆಮೇಲೆ ನಿಮ್ಮ ಯಾತ್ರೆ ಕಾಗದ ಅಚ್ಚಾಕುಸ್ದಾಗ ಅದರಲ್ಲಿ ಬರ್ದೆ ನೋಡು: ಆಹಾರ ಮತ್ತು ಕುಡಿಯುವ ನೀರು, ಮಂಟೇಸ್ವಾಮಿ, ಹೆಮ್ಮಿಗೆ. ಎಷ್ಟು ಸಲ ಓದ್ದೆ ಗೊತ್ತಾ ಅದ? ನನ್ನ ಹೆಸ್ರು ಇದುವರ್ಗೂ ರೇಷನ್ ಕಾರ್ಡಲ್ಲಿ ಬಿಟ್ರೆ ಎಲ್ಲೂ ಅಚ್ಚಾಗಿಲ್ಲ ಕಣವ್ವ.

ಅದ್ಕೇ… ಅದ್ಕೇ ಎದ್ರಿಕೆ ನಂಗೆ. ಊಟ ಕೆಟ್ಟೋದ್ರೆ ಮದ್ವೆ ಮನೇಲಿ ನಾಕು ಜನ ಬೈತಾರೆ, ಬೈಸ್ಕೊಂಡು ಬತ್ತೀನಿ. ಇದು ಅಂಗಲ್ವಲ್ಲ!

ನಾನು ಸಮುದ್ರ ನೋಡಿರೋದು ಒಂದೇ ಸಲ. ಮಂಗ್ಳೂರಲ್ಲಿ, ನಮ್ಮ ದೊಡ್ಡಸಿದ್ದಯ್ಯನ ಮಗಳ ಮದ್ವೆಗೆ ಅಡ್ಗೆ ಮಾಡಾಕೆ ಓದಾಗ. ಒಲೆ ಮುಂದೆ ನಿಂತೂ ನಿಂತೂ ಬಾಯಿ ಒಣ್ಗೋಗಿತ್ತು. ನೀರು ಕಂಡ್ತಲ್ಲ, ಪಂಚೆ ಎತ್ತಿ ಕಟ್ಕೊಂಡು ಇಳುದ್ಬುಟ್ಟೆ, ಬೊಗಸೆ ತುಂಬ ಎತ್ತಿ ಬಾಯ್ಗೆ ಉಯ್ಕೊಂಡೆ… ನಗು, ನಗು. ದೊಡ್ಡಸಿದ್ದಯ್ಯನೂ ಇಂಗೇ ನಕ್ಕ. ‘ಉಪ್ಪು ಅಂತ ಗೊತ್ತಿಲ್ವೇನ್ಲಾ’ ಅಂದ. ಗೊತ್ತಿತ್ತು ಕೂಸೇ! ಇಸ್ಕೂಲಲ್ಲೇ ಯೋಳ್ಕೊಟ್ಟಿದ್ರು. ನನ್ನ ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರ್ಲಿಲ್ಲ. ಅದು ಎಂಗೆ ಓಯ್ತು, ಯಾವಾಗ ಓಯ್ತು… ನುಂಗಿದ್ಮೇಲೇ ನಂಗೆ ಗೊತ್ತಾಗಿದ್ದು.

ನಿನ್ನ ಕೈಯೂ ಅಂತದ್ದೇ. ಬ್ಯಾಡ, ವಾದ ಮಾಡ್ಬ್ಯಾಡ. ನೀನು ವರುಣಾ ಕೆರೇಲಿ ಹುಟ್ಟು ಆಕೋದು ಕಲ್ತಿರ್ಬೋದು, ನಂಜನಗೂಡಿನ ಇಸ್ಕೂಲಲ್ಲಿ ಮಕ್ಳಿಗೆ ಆಟ ಕಲ್ಸೋ ಟೀಚರ್ರೇ ಆಗಿರ್ಬೋದು. ಉಟ್ಟಿದ್ದು ಈ ಒಳೆ ದಂಡೇಲಿ. ನಿಮ್ಮಜ್ಜಿ ಕಾಲ್ದಲ್ಲಿ ನಮ್ಮೋರು ಊರ ಬಾವಿ ತಾವ ಕೊಡ ಇಡ್ಕೊಂಡು ದೂರ ನಿಂತ್ಕಬೇಕಿತ್ತು, ಯಾರಾದ್ರೂ ಬಂದು ಸೇದಿ ಉಯ್ಯೋಗಂಟ. ಅಜ್ಜಿ ನಿಲ್ತಿರ್ಲಿಲ್ಲ. ಸೀದಾ ಒಳೆಗೋಗೋಳು. ಒಳೆ ಯಾವತ್ತೂ ಯಾರನ್ನೂ ದೂರ ನಿಲ್ಸಿಲ್ಲ. ಬೇಕಾದಷ್ಟು ಕುಡಿ, ಬೇಕಾದಷ್ಟು ಹೊತ್ಕೊಂಡೋಗು. ಕುಡಿಯೋ ನೀರ್ನ ಅಳೆಯೋದು ಅಂದ್ರೇನು ಅಂತ್ಲೇ ನಮ್ಮ ಮನೇಲಿ ಯಾರ್ಗೂ ಗೊತ್ತಿಲ್ಲ. ನಾನೂ ಅಷ್ಟೇಯ. ಅಡ್ಗೆ ಚೀಟಿ ಬರ್ಕೊಡ್ತೀನಲ್ಲ ಮದ್ವೆ ಮನೆಗೆ… ಅಕ್ಕಿ ಇಷ್ಟು, ಬ್ಯಾಳೆ ಇಷ್ಟು, ಎಣ್ಣೆ, ಉಣ್ಸೆಹಣ್ಣು, ಬಾಳೆಲೆ, ಸೌದೆ. ಅದರಲ್ಲಿ ನೀರು ಅಂತ ಮೂವತ್ತೈದು ವರ್ಸದಲ್ಲಿ ಒಂದು ಸಲ ಬರ್ದಿಲ್ಲ ನಾನು.

ಏನು? ದಡಕ್ಕೋದ್ರಾಯ್ತು ಅಂತೀಯಾ? ಯಾರ್ಗೆ ಯೋಳ್ತಿದೀಯ ಕೂಸೇ? ಕಾರವಾರದಿಂದ ಮಂಗ್ಳೂರ್ಗಂಟ ದಡದೋರ ಅತ್ರ ಒಂದು ಲೋಟ ನೀರೂ ಇಸ್ಕೊಳಲ್ಲ, ಎಲ್ಲ ನಮ್ಮ ದೋಣೀಲೇ ಹೊತ್ಕೊಂಡೋಯ್ತೀವಿ ಅಂತ ನೀನೇ ಅಲ್ವಾ ಹಟ ಮಾಡಿರೋದು? ಆಮೇಲೆ ಅಲೆ ಎದ್ದಾಗ ದಡಕ್ಕೆ ಬರಾಕೇ ಆಗಲ್ಲ, ಬಂಡೆಗೆ ಬಡೀತದೆ, ಒಂದೊಂದ್ಸಲ ಎಲ್ಡು ದಿನ ದೂರದಲ್ಲೇ ಇರ್ಬೇಕಾಯ್ತದೆ ಅಂತ ನಿಮ್ಮವ್ವನ ಮುಂದೆ ಯೋಳ್ದೆ. ನಮ್ಮಕ್ಕ ಅದ ಕೇಳ್ದಾಗಿಂದ ಸರಿಯಾಗಿ ಮಾತೇ ಆಡಿಲ್ಲ. ನೆನ್ನೆ ಬಂದಿದ್ಲು ಇಲ್ಲಿಗೆ. ಚೀಲನೆಲ್ಲ ಒಂದೊಂದಾಗಿ ಮುಟ್ಟಿ ನೋಡುದ್ಲು. ‘ಮಂಟೇಸ್ವಾಮಿ, ನೀನು ಉಂಡು ಕುಡ್ದು ನೋಡಿದೀಯ ಅಂತ್ಲೇ ಕಣೋ ನಾನು ಊಂ ಅಂದಿದ್ದು’ ಅಂದ್ಲು. ಅಷ್ಟೇ. ಓದ್ಲು.

ಆ… ಅದೇ, ತಲಕಾಡು. ಮಾಡ್ದೆ ನಾನು. ಯಾರಿಲ್ಲ ಅಂದ್ರು? ನೀನು ಮೊದ್ಲು ದಿನಕ್ಕೆ ಆರು ಲೀಟ್ರು ಅಂತ ಬರ್ದಿದ್ದೆ. ಭಾರ ಆಯ್ತದೆ, ದೋಣಿ ಮುಂದ್ಕೋಗಲ್ಲ, ಎಂಟು ದಿನದ್ದು ಅತ್ತು ದಿನ ಆಯ್ತದೆ ಅಂತ ತಲೆ ಕೆಡುಸ್ಕೊಂಡು ಕುಂತಿದ್ದೆ. ‘ನೀನು ಸುಮ್ಕಿರು, ಈ ಊಟ ತಿಂದ್ಕೊಂಡು ಎಷ್ಟು ನೀರಲ್ಲಿ ಬದುಕ್ಬೋದು ಅಂತ ನಾನೇ ಇದ್ದು ನೋಡಿ ಯೋಳ್ತೀನಿ’ ಅಂದೆ. ಅಂದ್ನೋ ಇಲ್ವೋ? ಅಂದೆ. ಓದೆ. ಸಮುದ್ರದ ದಡದಂಗೇ ಮರಳು, ತಲೆ ಮ್ಯಾಲೆ ಬಿಸ್ಲು, ಅದಕ್ಕಿಂತ ಒಳ್ಳೆ ಜಾಗ ಎಲ್ಲದೆ? ಎಗಲ ಮ್ಯಾಲೆ ಇಪ್ಪತ್ತೈದು ಕೆ.ಜಿ. ಅಕ್ಕಿ ಮೂಟೆ ಆಕ್ಕೊಂಡು ಬೆಳಗಿಂದ ಸಂದೆಗಂಟ ಮರಳಲ್ಲಿ ನಡುದೆ. ನೀನು ದಣಿಯೋವಷ್ಟು ನಾನೂ ದಣೀಬೇಕಲ್ಲ! ಬಸ್ಸಲ್ಲಿ ಬಂದ ಜನ ಎಲ್ಲ ನಿಂತ್ಕೊಂಡು ನೋಡೋರು, ಯಾವ ದೇವ್ರ ಅರಕೆ ಅಂತ ಕೇಳೋರು. ಚುರುಮುರಿ ಮಾರೋ ಮುದ್ದಮ್ಮ, ‘ನಿಂಗೇನು ಬಂತಪ್ಪ’ ಅಂತ ಕಣ್ಣಲ್ಲಿ ನೀರಾಕುದ್ಲು. ಎಂಟು ದಿನ! ಐವತ್ತೆಂಟು ವರ್ಸದೋನು ನಾನು! ಬಂದು ಯೋಳ್ದೆ, ನಾಕು ಲೀಟ್ರು ಸಾಕು ಅಂತ. ನೀನು ಎಂಗೆ ಕುಣುದ್ಬುಟ್ಟೆ… ‘ಮಾವ, ಅದಿನಾರು ಲೀಟ್ರು ಇಳ್ಸಿದ್ರಲ್ಲ’ ಅಂತ ನನ್ನ ತಬ್ಕೊಂಡೆ. ಇಲ್ಲೇ, ಈ ಒಲೆ ಪಕ್ಕ.

ತಲಕಾಡಲ್ಲಿ ನಾ ಲೆಕ್ಕ ಬರ್ಕೊಂಡ ಆ ಪುಸ್ತಕ ಈಗ ಯಾಕೆ ತಗುದೆ? ಇಡು, ಇಡು. ಅದರಲ್ಲೇನದೆ, ನೀನು ನೋಡಿರೋದೇ. ಮೊದಲ್ನೇ ದಿನ ನಾಕು, ಎಲ್ಡನೇ ದಿನ ನಾಕು, ಮೂರ್ನೇ ದಿನ ನಾಕು… ನಾಕು ಸಾಕಾದ್ರೆ ಈಗ ಜಾಸ್ತಿ ಯಾಕೆ ಕೇಳ್ತೀಯ ಅಂತೀಯಾ? ಅದು… ಬಂತು ನೋಡು ಟೀಚರ್ ಬುದ್ಧಿ! ಜಾಸ್ತಿ ಇರ್ಲಿ ಅಂತ ಕೇಳ್ದೆ. ಮಾವ ಅಂದ್ಮೇಲೆ ಎದ್ರಿಕೆ ಇರಲ್ವಾ? ಅಷ್ಟೇಯ. ಬ್ಯಾಡಾಂದ್ರೆ ಬುಡು.

ಏನದು? ಬೆರಳು ಯಾಕೆ ಅಲ್ಲಿಟ್ಟಿದೀಯ? ಕನ್ನಡಕ ಇಲ್ಲ, ನೀನೇ ಓದು… ‘ಬೆಳಗ್ಗೆ ಉರಿಟ್ಟು ಮೂರು ಇಡಿ, ಸಂದೆ ಉರಿಟ್ಟು ಮೂರು ಇಡಿ.’ ಸರಿಯಾಗೇ ಅದಲ್ಲ. ಎಂಗೆ ಕಲ್ಸ್ಕೊಂಡೆ ಅಂದ್ರೆ? ಇದೊಳ್ಳೆ ಕೇಳ್ತೀಯಲ್ಲ! ನೀರಾಕಿ ಕಲ್ಸ್ಕೊಂಡೆ, ಇನ್ನೆಂಗೆ? ಒಣ ಇಟ್ಟ ಬಾಯ್ಗಾಕ್ಕೊಂಡ್ರೆ ನೆತ್ತಿಗತ್ತಿ ಸತ್ತೋಯ್ತೀನಿ ಅಷ್ಟೇ. ಯಾವ ನೀರು ಅಂದ್ರೆ… ಒಳೆ ನೀರು! ಪಕ್ಕದಲ್ಲೇ ಅದಲ್ಲ ಒಳೆ. ಚೆಂಬಲ್ಲಿ ಮೊಗ್ದು ಉಯ್ಕೊಂಡೆ. ಅದ ಯಾರು ಬರ್ಕೊತಾರೆ ಕೂಸೇ? ಅದು ಕುಡಿಯೋ ನೀರಲ್ಲ, ಇಟ್ಟಿನ ನೀರು…

…ಅಯ್ಯೋ.

ಅಯ್ಯೋ, ಇದು ಒಳಿಲೇ ಇಲ್ಲ ನೋಡು ನಂಗೆ. ಒಂದು ಇಡಿ ಉರಿಟ್ಟು ಒಂದು ಲೋಟ ನೀರು ಕುಡೀತದೆ, ಬೆಳಗ್ಗೆ ಮೂರು, ಸಂದೆ ಮೂರು… ಅವಲಕ್ಕಿ ನೆನೆಯಾಕೆ ಎಲ್ಡು… ಒಂದೂವರೆ ಲೀಟ್ರು ಆಗೋಯ್ತದೆ ಅದೇಯ. ಸರಿ, ಸರಿ, ತಪ್ಪಾಯ್ತು. ಮದ್ವೆ ಅಡ್ಗೆಯೋನ ಬುದ್ಧಿ ನಂದು, ಚೀಟೀಲಿ ನೀರು ಬರ್ದು ಗೊತ್ತಿಲ್ಲ ಅಂತ ಆಗ್ಲೇ ಯೋಳ್ಲಿಲ್ವಾ? ಒಳ್ಳೇದಾಯ್ತು ನೀನು ಇಡುದಿದ್ದು. ಆರು ಮಾಡು, ನಿನ್ನ ಮೊದಲ್ನೇ ಲೆಕ್ಕಾನೇ ಸರಿ. ಮದನ್‌ಗೆ ಫೋನ್ ಮಾಡಿ ದೋಣಿಗೆ ಇನ್ನೂ ನಾಕ್ನಾಕು… ಏನೋ ಒಂದು, ಚೀಲ ತರ್ಸು. ಆಯ್ತಲ್ಲ. ಮುಗೀತಲ್ಲ.

ಇನ್ಯಾಕೆ ಅಂಗೆ ನೋಡ್ತೀಯ?

ಮುಗೀತು ಅಂದ್ನಲ್ಲ ಕೂಸೇ. ಬೇರೇನೂ ಇಲ್ಲ. ಇಟ್ಟು ಕಲ್ಸೋಕೆ ಚೆಂಬು ತಕೊಂಡು ಒಳೆಗೆ ಇಳೀತಿದ್ದೆ, ದಿನಕ್ಕೆ ಎಲ್ಡು ಸಲ… ಮೂರು ಸಲ. ಮೊಗೀತಿದ್ದೆ, ಬತ್ತಿದ್ದೆ. ಅಷ್ಟೇಯ. ಮೊಗೀತಿದ್ದೆ ಬತ್ತಿದ್ದೆ ಅಂದ್ನಲ್ಲ!… ಬೈ ಬೇಕಾದ್ರೆ. ಆ ಪುಸ್ತಕದ ಪುಟ ಯಾಕೆ ಮತ್ತೆ ಮತ್ತೆ ತಿರುವ್ತೀಯ?

ನಿನ್ನ ಫೋನು. ಮದನೇ ಇರ್ಬೇಕು. ಎತ್ತು… ಎತ್ತಲ್ವಾ? ನಂಜನಗೂಡು ದಾಟವ್ನೋ ಏನೋ, ಎತ್ತಿ ಒಂದು ಮಾತು ಯೋಳು. ಯಾಕೆ ಕಟ್ ಮಾಡ್ದೆ?

ನನ್ನ ಮಕ ನೋಡ್ಬ್ಯಾಡ ಕಣವ್ವ ಅಂಗೆ.

…ಎಲ್ಡನೇ ದಿನ. ಎಲ್ಡನೇ ದಿನ ಮಧ್ಯಾನ್ನ. ನಾಕು ಲೀಟ್ರಲ್ಲಿ ಇನ್ನೂ ಒಂದು ಲೀಟ್ರು ಉಳ್ದಿತ್ತು, ಅದ ಸಂದೆಗೆ ಅಂತ ಮರಳಲ್ಲಿ ಉಗ್ದಿಟ್ಟಿದ್ದೆ. ಮೂಟೆ ಹೊತ್ಕೊಂಡು ನಡೀತಿದ್ದೆ. ನಾಲ್ಗೆ ಊದ್ಕೊಂಡಂಗಾಗಿತ್ತು, ಉಗುಳು ಬರ್ತಿರ್ಲಿಲ್ಲ, ಕಿವೀಲಿ ಗುಯ್ ಅನ್ನೋದು. ಇನ್ನೊಂದು ಸುತ್ತು, ಇನ್ನೊಂದು ಸುತ್ತು ಅಂದ್ಕೊತಿದ್ದೆ. ಕೂಸೇ, ನಾನು ಒಳೆಗೆ ಓಯ್ತೀನಿ ಅಂತ ಓಗ್ಲಿಲ್ಲ. ಆಣೆ ಮಾಡ್ತೀನಿ. ಕಣ್ಬುಟ್ಟು ನೋಡ್ತೀನಿ, ಸೊಂಟದಗಂಟ ನೀರಲ್ಲಿವ್ನಿ. ಮೂಟೆ ಎಲ್ಲೋ ಬಿದ್ದೋಗದೆ. ಎಲ್ಡು ಕೈಲೂ ಮೊಗ್ದು ಮೊಗ್ದು ಕುಡೀತಿವ್ನಿ. ಆಮೇಲೆ ಕೈಯೂ ಬ್ಯಾಡ ಅನ್ನುಸ್ತು, ಮಕಾನೇ ಇಳ್ಸಿ ದನ ಕುಡ್ದಂಗೆ ಕುಡ್ದೆ.

ಮೂರ್ನೇ ದಿನ ಬೆಳಗ್ಗೆ ಮತ್ತೆ ಶುರು ಮಾಡ್ದೆ, ಇವತ್ತು ಬುಡಲ್ಲ ಅಂತ. ಆವತ್ತು ಮಧ್ಯಾನ್ನದಗಂಟನೂ ತಡೀಲಿಲ್ಲ. ನಾಕನೇ ದಿನದಿಂದ… ನಾಟ್ಕ ಯಾಕೆ ಆಡ್ಲಿ, ನಾಕನೇ ದಿನದಿಂದ ಒಳೆ ಪಕ್ಕದಲ್ಲೇ ನಡುದೆ. ಬೇಕಾದಾಗೆಲ್ಲ ಕುಡ್ದೆ. ಸಂದೆ ಆದ್ಮೇಲೆ ಚೀಲದಲ್ಲಿರೋದ ಮರಳಿಗೆ ಚೆಲ್ಬುಟ್ಟು, ಪುಸ್ತಕ ತಗುದು, ನಾಕು ಅಂತ ಬರೀತಿದ್ದೆ.

ಯಾಕೆ ಅಂತ ಕೇಳು. ಕೇಳಲ್ವಾ? ನಾನೇ ಯೋಳ್ತೀನಿ. ಮೊದ್ಲು ನಾಚ್ಕೆ. ಎಂಟು ದಿನ ಇದ್ದು ಬತ್ತೀನಿ ಅಂತ ಊರೆಲ್ಲ ಯೋಳಿದ್ದೆ, ಎಲ್ಡೇ ದಿನಕ್ಕೆ ಎಂಗೆ ವಾಪಸ್ ಬರ್ಲಿ? ಆಮೇಲೆ ನಿನ್ನ ಸಂತೋಸ. ನೀನು ಬಂದು ತಬ್ಕೊಂಡಾಗ ಬಾಯಿ ಬುಟ್ಟಿದ್ದೆ ಕೂಸೇ, ಯೋಳೋಣ ಅಂತ್ಲೇ ಬುಟ್ಟಿದ್ದೆ… ನಾಳೆ ಯೋಳಣ ಅಂದ್ಕೊಂಡೆ. ಇಪ್ಪತ್ತು ದಿನ ನಾಳೆ ನಾಳೆ ಅಂದೆ. ನೆನ್ನೆ ನಮ್ಮಕ್ಕ ಬಂದು ಆ ಚೀಲ ಮುಟ್ಟಿ ನೋಡುದ್ಲಲ್ಲ, ಅವಾಗ ಅವಳ ಮಕ ನೋಡ್ಲಾರ್ದೆ ಸೌದೆ ಜೋಡ್ಸಾಕೆ ಎದ್ದೋದೆ. ನನ್ನ ನಂಬ್ಕೊಂಡು ಊಂ ಅಂದವ್ಳೆ. ಇದ್ದೊಬ್ಳು ಮಗಳು. ನಾನು ಸುಳ್ಳು ಬರ್ದು ಕೊಟ್ಟಿದೀನಿ.

ನೀನು ನೀರಿಲ್ದೆ ಸತ್ತೋಯ್ತೀಯ ಅಂತಷ್ಟೇ ಅಲ್ಲ ನನ್ನ ಎದ್ರಿಕೆ. ಕೇಳ್ಸ್ಕೊ, ಇದೊಂದ ಕೇಳ್ಸ್ಕೊ. ನಂಗೆ ಪಕ್ಕದಲ್ಲಿ ಕಾವೇರಿ ಇದ್ಲು. ಕಾಲು ಅಲ್ಲಿಗೆ ಓಯ್ತು, ಬದುಕ್ಕೊಂಡೆ. ನಿಂಗೂ ಆರ್ನೇ ದಿನವೋ ಏಳ್ನೇ ದಿನವೋ ಅದೇ ಮಧ್ಯಾನ್ನ ಬತ್ತದೆ. ಕಿವಿ ಗುಯ್ ಅಂತದೆ. ತಲೆ ಯೋಳೋದು ನಿಲ್ಲುಸ್ತದೆ, ಕೈ ಇಳೀತದೆ. ಪಕ್ಕದಲ್ಲಿರೋದು ಯಾವ ನೀರು ಅಂತ ಆ ಕೈ ಕೇಳಲ್ಲ ಕೂಸೇ, ನನ್ನ ಕೈ ಕೇಳ್ಲಿಲ್ಲ. ಒಂದು ಬೊಗಸೆ ಕುಡ್ದೆ ಅಂದ್ಕೊ, ಅದು ಇನ್ನಷ್ಟು ಬಾಯಾರುಸ್ತದೆ, ಇನ್ನೊಂದು ಬೊಗಸೆ ಅಂತೀಯ… ಬೆಳಗಿಂದ ಇನ್ನೊಂದು ಚೀಲ, ಇನ್ನೊಂದು ಚೀಲ ಅಂತ ಇದ್ಕೇ ಒದ್ದಾಡ್ತಿದ್ದೆ. ಯೋಳ್ದೇನೆ ಎಂಗಾದ್ರೂ ಮಾಡಿ ಎಲ್ಡು ಚೀಲ ತುರುಕ್ಬುಟ್ರೆ, ನೀನೂ ಉಳ್ಕೊತೀಯ, ನನ್ನ ಮರ್ವಾದಿನೂ ಉಳ್ಕೊತದೆ ಅಂತ. ಎಂತ ಮಾವ ನಾನು!

ಓಗ್ಬ್ಯಾಡ ಅಂತ ನಾ ಯೋಳಲ್ಲ. ಯೋಳೋಕೆ ನಂಗೆ ಮಕ ಇಲ್ಲ. ಮದನ್ ಬರ್ಲಿ, ಅವನ ಮುಂದೇನೂ ಇದ್ನೇ ಯೋಳ್ತೀನಿ, ನಿಮ್ಮವ್ವನ ಮುಂದೇನೂ ಯೋಳ್ತೀನಿ. ಅಕ್ಕ ಕಸಪೊರಕೆ ತಕೊಂಡ್ರೂ ಸರಿ.

ಪೆನ್ನು ತಗುದ್ಯಾ? ತಗಿ. ಒಡದಾಕು ಆ ನಾಕ. ಎಂಟೂ ಸಾಲು ಒಡದಾಕು, ಒಂದೂ ಬುಡ್ಬ್ಯಾಡ… ಆ, ಅಂಗೆ.

ಈಗ ಏನು? ಪೆನ್ನು ಯಾಕೆ ಅಂಗೇ ಇಡ್ಕೊಂಡಿದೀಯ? ಅಲ್ಲಿ ಎಷ್ಟು ಬರೀಲಿ ಅಂತಾನಾ?… ಕೂಸೇ, ಆರು ಅಂತ ನಾನಂದೆ, ಅದು ಸುಮ್ನೆ ಬಾಯ್ಗೆ ಬಂದಿದ್ದು. ಎಂಟೋ, ಅತ್ತೋ, ಅದಿನೈದೋ! ಒಳೆಗೆ ಬಗ್ಗಿ ಕುಡ್ದೋನು ನಾನು. ಎಂಟು ದಿನ ಕುಡ್ದಿದೀನಿ, ಬದುಕಿ ಬಂದಿದೀನಿ, ಎಷ್ಟು ಕುಡ್ದೆ ಅಂತ ಮಾತ್ರ ನಂಗೊತ್ತಿಲ್ಲ ಕಣವ್ವ… ನಂಗೊತ್ತಿಲ್ಲ.